ನಲವತ್ತಮೂರನೆಯ ಓಟ

ಬಿಸಿಯನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡಲು ಬಂದರೆ ಏನಾಗಬಹುದು? ಈ ಪ್ರಶ್ನೆಯನ್ನು ಅಚ್ಯುತ ದಿವಾಣ ಮೊದಲ ಸಲ ಕೇಳಿದ್ದು ಯಾವ ಸಮ್ಮೇಳನದಲ್ಲೂ ಅಲ್ಲ. ಬನಹಟ್ಟಿಯಲ್ಲಿ, ಇಂದುಮತಿಯ ಅಡುಗೆಮನೆಯಲ್ಲಿ, ಎಣಗಾಯಿ ಪಲ್ಯದ ಜೊತೆ ಮೂರನೆಯ ರೊಟ್ಟಿ ಮುರಿಯುತ್ತ ಕೇಳಿದ.

"ಕರೆಂಟಿಗೆ ಅಂಥಾದ್ದೊಂದು ಅದ, ಡಯೋಡು. ಈ ಕಡಿಂದ ಆ ಕಡಿಗೆ ಬಿಡತದ, ತಿರುಗಿ ಬರಲಿಕ್ಕೆ ಬಿಡೂದಿಲ್ಲ. ಬಿಸಿಗೂ ಅಂಥಾದ್ದು ಇದ್ದರ?"

"ಇದ್ದರ ನನ್ನ ಮೋಟಾರ ಸುಡೂದಿಲ್ಲ," ಎಂದಳು ಇಂದುಮತಿ, ಹಂಚಿನ ಮೇಲಿನ ರೊಟ್ಟಿ ಹೊರಳಿಸುತ್ತ.

ಅಚ್ಯುತ ನಗಲಿಲ್ಲ. "ಅದಕ್ಕ ನಿನಗ ಕೇಳಿದೆ," ಎಂದ.

ಇಬ್ಬರೂ ಡಿಪ್ಲೊಮಾದಲ್ಲಿ ಒಂದೇ ಬೆಂಚಿನವರು. ಆಗ ಒಂದು ಹಳೆಯ ಡ್ರಿಲ್ಲಿನ ಮೋಟಾರು ಕಿತ್ತು, ತಗಡಿನ ದೋಣಿಗೆ ಕೂರಿಸಿ, ಊರ ಕೆರೆಯಲ್ಲಿ ರೇಡಿಯೊದಿಂದ ಓಡಿಸಿದ್ದರು. ದೋಣಿ ಅರ್ಧ ಕೆರೆ ದಾಟಿ ಹೊಗೆಯಾಡಿ ನಿಂತಿತ್ತು. ಅಚ್ಯುತ ಮುಂದೆ ಓದಿ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿಯಾದ. ಇಂದುಮತಿ ಬನಹಟ್ಟಿಯಲ್ಲೇ ಉಳಿದು, ವಿದ್ಯುತ್ ಮಗ್ಗಗಳ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಳು. ಆದರೆ ದೋಣಿಯ ಹುಚ್ಚು ಬಿಡಲಿಲ್ಲ. ಗಂಡ ಮಹಾಲಿಂಗಪ್ಪ ನಾಲ್ಕು ಮಗ್ಗ ನಡೆಸುತ್ತಿದ್ದ ಮನೆಯ ಹಿಂದಿನ ಪಡಸಾಲೆಯಲ್ಲಿ ಅವಳ ದೋಣಿಗಳು ಸಾಲಾಗಿ ಇದ್ದವು.

ಕೃಷ್ಣೆಗೆ ವರ್ಷಕ್ಕೆ ಮೂರು ಸಲ ಮಹಾಪೂರ ಬರತೊಡಗಿದ ಮೇಲೆ ಆ ಹುಚ್ಚಿಗೆ ಒಂದು ಕೆಲಸ ಸಿಕ್ಕಿತು. ನೀರಿನ ನಡುವೆ ಸಿಕ್ಕಿಬಿದ್ದವರ ಕೈಗೆ ಮೊದಲು ಒಂದು ಹಗ್ಗ ಮುಟ್ಟಬೇಕು. ಆಮೇಲೆ ಆ ಹಗ್ಗ ಹಿಡಿದು ದೊಡ್ಡ ದೋಣಿ ಹೋಗಬಹುದು. ಅಷ್ಟು ಸೆಳೆತದಲ್ಲಿ ಹಗ್ಗ ಒಯ್ಯುವವರು ಯಾರು? ಇಂದುಮತಿಯ ಒಂದೂವರೆ ಮೀಟರ್ ಉದ್ದದ ದೋಣಿ ಒಯ್ದಿತು. ಅದರ ಹೊಟ್ಟೆ ಫೈಬರಿನದು. ದೋಣಿಯನ್ನು ಹಿಂದಿನಿಂದ ತಳ್ಳುವ ರೆಕ್ಕೆ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತಿತ್ತು. ಬ್ಯಾಟರಿಯನ್ನು ಒಂದು ಬೆರಳಿನಷ್ಟು ಹಿಂದೆ ಸರಿಸಿದರೂ ಮೂತಿ ಮೇಲೆದ್ದು ಮಗುಚುತ್ತಿತ್ತು, ಮುಂದೆ ಸರಿಸಿದರೆ ನೀರು ಉಳುತ್ತಿತ್ತು. ಆ ಬೆರಳಿನಳತೆ ಅವಳೊಬ್ಬಳಿಗೇ ಗೊತ್ತಿತ್ತು. ಜನ ಅದನ್ನು ಹಗ್ಗದ ದೋಣಿ ಎಂದು ಕರೆದರು.

ಅದಕ್ಕಿದ್ದ ಶತ್ರು ಒಂದೇ, ಬಿಸಿ. ಮುಷ್ಟಿಗಾತ್ರದ ಮೋಟಾರಿಗೆ ಅಷ್ಟು ಕರೆಂಟು ನುಗ್ಗಿಸಿದರೆ ತಾಮ್ರ ಕಾಯದೆ ಇರುತ್ತದೆಯೆ? ಎಲ್ಲ ವೇಗದ ದೋಣಿಗಳಂತೆ ಇದರ ಚುಕ್ಕಾಣಿಯಲ್ಲೂ ಒಂದು ಸಣ್ಣ ತೂತು ಇತ್ತು. ಓಡುವ ರಭಸಕ್ಕೆ ಹೊಳೆಯ ನೀರು ಅದರಲ್ಲಿ ನುಗ್ಗಿ, ರಬ್ಬರ್ ನಳಿಕೆಯಲ್ಲಿ ಮೋಟಾರನ್ನು ಒಂದು ಸುತ್ತು ಹಾಕಿ, ಪಕ್ಕದ ತೂತಿನಿಂದ ಹೊರಗೆ ಚಿಮ್ಮುತ್ತಿತ್ತು. ಕೆರೆಯಲ್ಲಿ ಇದು ಸಾಕು. ಮಹಾಪೂರದಲ್ಲಿ ಕೆಂಪು ಕೆಸರು, ಕಬ್ಬಿನ ರವದಿಯ ಒಣಗರಿ, ಪ್ಲಾಸ್ಟಿಕ್ಕು. ತೂತು ಕಟ್ಟಿಕೊಂಡಿತೆಂದರೆ ತೊಂಬತ್ತು ಸೆಕೆಂಡಿನಲ್ಲಿ ಮೋಟಾರು ಸುಡುತ್ತಿತ್ತು.

ರೊಟ್ಟಿ ಮುರಿದ ಆ ದಿನದಿಂದ ಎರಡು ವರ್ಷಕ್ಕೆ ಅಚ್ಯುತ ಒಂದು ಹಾಳೆ ತಂದ. ಬೂದು ಬಣ್ಣ, ಹಪ್ಪಳದಷ್ಟು ತೆಳು, ಒಂದು ಮುಖಕ್ಕೆ ಕೆಂಪು ಚುಕ್ಕೆ.

"ಒಳಗಿರೋ ಹರಳು ಎಲ್ಲಾ ಒಂದೇ ಕಡಿಗೆ ಮುಖಾ ಮಾಡಿ ಕೂತಾವ. ಚುಕ್ಕಿ ಇಲ್ಲದ ಮುಖದಿಂದ ಬಿಸಿ ನುಂಗತಾವ, ಚುಕ್ಕಿ ಇರೋ ಕಡಿಂದ ಹೊರಗ ಹಾಕತಾವ. ಹೊಳೀ ನೀರು ದೋಣಿಯೊಳಗ ಬರೂದs ಬ್ಯಾಡ."

ಇಂದುಮತಿ ಹಾಳೆಯನ್ನು ಮೋಟಾರಿಗೆ ಸುತ್ತಿದಳು. ದೋಣಿಯ ತಳಕ್ಕೆ ಒಂದು ತಾಮ್ರದ ತಗಡು ಕೂರಿಸಿ, ಚುಕ್ಕೆಯ ಮುಖ ಅದಕ್ಕೆ ಒತ್ತುವಂತೆ ಬಿಗಿದಳು. ನಳಿಕೆ ಕಿತ್ತೊಗೆದಳು, ತೂತು ಮುಚ್ಚಿದಳು. ಹೊಸ ಮೋಟಾರಿಗೆ ದಪ್ಪ ತಂತಿ ಸುತ್ತಿದಳು. ಹಿಂದೆ ಕನಸಿನಲ್ಲೂ ಕೊಡದಷ್ಟು ಕರೆಂಟು ಕೊಟ್ಟಳು. ದೋಣಿ ಹೊಳೆಯಲ್ಲಿ ಹೋದ ರಭಸಕ್ಕೆ ದಡದ ಕೊಕ್ಕರೆಗಳೆಲ್ಲ ಎದ್ದವು. ತಂದು ಮುಟ್ಟಿ ನೋಡಿದರೆ ಮೋಟಾರು ಎಳೆಬಿಸಿಲಿನ ಕಲ್ಲಿನಷ್ಟೇ ಬೆಚ್ಚಗಿತ್ತು.

ಈಗ ದೋಣಿ ಬರೀ ಹಗ್ಗವನ್ನಲ್ಲ, ಹಗ್ಗ ಹಿಡಿದ ಈಜುಗಾರನನ್ನೂ ಸೆಳೆತಕ್ಕೆ ಎದುರಾಗಿ ಎಳೆಯಬಲ್ಲುದಾಗಿತ್ತು. ಈಜುಗಾರ ಪರಸಪ್ಪ ಅಂಬಿಗೇರ, ಹೊಳೆಯಂಚಿನವನು. ಅವನೂ ಇಂದುಮತಿಯೂ ಸೇರಿ ಎರಡು ಮಳೆಗಾಲದಲ್ಲಿ ಅರವತ್ತು ಜನರನ್ನು ದಡ ಮುಟ್ಟಿಸಿದರು. ಸುದ್ದಿ ಹಬ್ಬಿತು. ಹನ್ನೊಂದು ಊರುಗಳಿಗೆ ಹನ್ನೊಂದು ದೋಣಿ ಕಟ್ಟಿಕೊಟ್ಟಳು. ಎಲ್ಲದರೊಳಗೂ ಅಚ್ಯುತನ ಹಾಳೆ.

ಅಚ್ಯುತ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಮೊದಲ ಮಾತು ಯಾವಾಗಲೂ ಒಂದೇ: "ಎಷ್ಟು ಓಟ ಆದವು?"

"ಮೂವತ್ತೊಂದು." "ಮೂವತ್ತಾರು." ಇಂದುಮತಿ ಖುಷಿಯಿಂದ ಹೇಳುತ್ತಿದ್ದಳು. ಅಷ್ಟು ದೊಡ್ಡವನಾದರೂ ಗೆಳೆಯ ತನ್ನ ದೋಣಿಯ ಓಟ ಎಣಿಸುತ್ತಾನಲ್ಲ ಎಂದು ಗಂಡನ ಮುಂದೆ ಹೆಮ್ಮೆಪಡುತ್ತಿದ್ದಳು. ಒಮ್ಮೆ ಫೋನಿನಲ್ಲಿ, "ಮೂರು ದಿನದಿಂದ ಜ್ವರ, ಮೈ ಬೆಂಕಿ ಆಗೇತಿ. ಆದರೂ ನನ್ನ ದೋಣಿಗೆ ಹೊಸ ಮೋಟಾರ ಸುತ್ತಿ ಮುಗಿಸಿದ್ನಿ ನೋಡ, ಹಾಳಿ ಮೊದಲಿಂದs," ಎಂದಿದ್ದಳು. "ಮೈ ಕಡೆ ಲಕ್ಷ್ಯ ಇಡು ಇಂದೂ," ಎಂದಿದ್ದ ಅವನು.

ಆಗಸ್ಟಿನ ಒಂದು ಬೆಳಿಗ್ಗೆ ಬೋರಗಡ್ಡಿ ಎಂಬ ನಡುಗಡ್ಡೆಗೆ ನೀರು ನುಗ್ಗಿತು. ಪಂಪಿನ ಕೋಣೆಯ ಮಾಳಿಗೆಯ ಮೇಲೆ ಮೂವರು ನಿಂತಿದ್ದರು, ಮುದುಕ, ಮುದುಕಿ, ಅವರ ಬಸುರಿ ಸೊಸೆ. ಇಂದುಮತಿ ದಡದ ಮೇಲೆ ರಿಮೋಟು ಹಿಡಿದು ನಿಂತಳು. ಹತ್ತು ಮೈಲಿ ದೂರದ ಪಟ್ಟಣದಲ್ಲಿ, ಮಹಾಪೂರದ ನಿಯಂತ್ರಣ ಕೊಠಡಿಯಲ್ಲಿ, ಧಾರವಾಡದಿಂದ ಬಂದಿದ್ದ ಅಚ್ಯುತ ಪರದೆಯ ಮುಂದೆ ಕೂತಿದ್ದ. ಮೋಟಾರಿನ ಬಿಸಿ ಅಲ್ಲಿ ಒಂದು ಹಸಿರು ಗೆರೆಯಾಗಿ ಕಾಣುತ್ತಿತ್ತು. ಗೆರೆ ನೋಡಿ ವಾಕಿಟಾಕಿಯಲ್ಲಿ ಹೇಳುವುದು ಅವನ ಕೆಲಸ.

ಪರಸಪ್ಪ ಸೊಂಟಕ್ಕೆ ಹಗ್ಗದ ಕುಣಿಕೆ ಹಾಕಿಕೊಂಡ. "ಅಕ್ಕಾರ, ಎಳೀರಿ," ಎಂದು ನೀರಿಗಿಳಿದ.

ದೋಣಿ ಎಳೆಯಿತು. ನಡುಹೊಳೆ ಮುಟ್ಟುವ ಹೊತ್ತಿಗೆ ಇಂದುಮತಿಯ ಕಿವಿಗೆ ರೆಕ್ಕೆಯ ಸದ್ದು ತುಸು ಬೇರೆ ಕೇಳಿಸಿತು. ಮೋಟಾರುಗಳ ನಡುವೆ ಇಪ್ಪತ್ತು ವರ್ಷ ಕಳೆದ ಕಿವಿ.

"ಅಚ್ಯುತಾ, ಬಿಸಿ ಎಷ್ಟೈತಿ? ದನಿ ಬ್ಯಾರೆ ಬರಾಕತ್ತೇತಿ."

ವಾಕಿಟಾಕಿ ಒಂದು ಕ್ಷಣ ಸುಮ್ಮನಿತ್ತು.

"ಅಚ್ಯುತಾ? ತಿರುಗಿಸಲೇನು?"

"ಎಲ್ಲಾ ಸರಿ ಅದ. ನಡಸು."

ಅವಳು ನಡೆಸಿದಳು. ಹನ್ನೊಂದು ಸೆಕೆಂಡಿನ ಮೇಲೆ ದೋಣಿಯ ಬೆನ್ನಿನಿಂದ ಬಿಳಿಯ ಹೊಗೆ ಎದ್ದಿತು, ರೆಕ್ಕೆ ನಿಂತಿತು. ಸೆಳೆತ ದೋಣಿಯನ್ನು ಎಳೆದುಕೊಂಡು ಹೋಯಿತು. ಹಗ್ಗ ನೀರಿನಡಿಯ ಜಾಲಿಮರಕ್ಕೆ ಸುತ್ತಿಕೊಂಡಿತು. ಪರಸಪ್ಪನ ಕೈ ಎರಡು ಸಲ ಮೇಲೆ ಬಂತು. ಮೂರನೆಯ ಸಲ ಬರಲಿಲ್ಲ. ಹಗ್ಗ ಎಲ್ಲೋ ತುಂಡಾಗಿ ದೋಣಿಯೂ ಕೆಂಪು ನೀರಿನಲ್ಲಿ ಕಣ್ಮರೆಯಾಯಿತು.

ಮಾಳಿಗೆಯ ಮೇಲಿದ್ದ ಮೂವರನ್ನು ಮಧ್ಯಾಹ್ನ ದೊಡ್ಡ ದೋಣಿಯವರು ಕರೆತಂದರು. ಪರಸಪ್ಪನ ಹೆಣ ಮರುದಿನ ಸಿಕ್ಕಿತು.

ಆ ವಾರ ಅಚ್ಯುತ ಫೋನು ಮಾಡಲಿಲ್ಲ. ಹತ್ತನೆಯ ದಿನ ಪೇಪರಿನಲ್ಲಿ ಅವನ ವರದಿ ಬಂತು. ಮಹಾಲಿಂಗಪ್ಪ ಮಗ್ಗ ನಿಲ್ಲಿಸಿ ಗಟ್ಟಿಯಾಗಿ ಓದಿದ. ಮೋಟಾರಿನ ತಂತಿ ಸುತ್ತುವುದರಲ್ಲಿ ದೋಷವಿದ್ದು ಒಳಗೇ ಶಾರ್ಟ್ ಆಗಿದೆ. ಸುತ್ತಿದವರು ಸುತ್ತಿದ ವಾರ ತೀವ್ರ ಜ್ವರದಲ್ಲಿದ್ದರೆಂದು ತಿಳಿದುಬಂದಿದೆ. ಹಾಳೆಯಲ್ಲಿ ಯಾವ ದೋಷವೂ ಕಂಡುಬಂದಿಲ್ಲ.

'ತಿಳಿದುಬಂದಿದೆ' ಎಂಬಲ್ಲಿ ಇಂದುಮತಿ ಪೇಪರನ್ನು ಅವನ ಕೈಯಿಂದ ತೆಗೆದುಕೊಂಡು ಆ ಸಾಲನ್ನು ತಾನೇ ಓದಿದಳು. ಜ್ವರದ ಮಾತನ್ನು ಮನೆಯ ಹೊರಗೆ ಅವಳು ಹೇಳಿದ್ದು ಒಬ್ಬನಿಗೇ.

ಅಂಗಡಿಗೆ ಮೋಟಾರು ಬರುವುದು ಕಡಿಮೆಯಾಯಿತು. ಹದಿನೈದು ವರ್ಷದಿಂದ ಬರುತ್ತಿದ್ದ ಮಗ್ಗದ ಮಾಲಕರು, "ಇಂದಕ್ಕಾ, ಈ ಸಲ ರಬಕವಿಗೆ ಕೊಟ್ಟೀವಿ, ಬ್ಯಾಸರ ಮಾಡ್ಕೋಬ್ಯಾಡ," ಎಂದು ಬಾಗಿಲಲ್ಲೇ ಹೇಳಿ ಹೋದರು. ಕೆಲವರು ಅದನ್ನೂ ಹೇಳಲಿಲ್ಲ. ನೀರಿಗೆ ಹೋದ ಹೆಂಗಸರು ಅವಳು ಬಂದರೆ ಮಾತು ನಿಲ್ಲಿಸಿದರು.

ಒಂದು ಸಂಜೆ ಮಹಾಲಿಂಗಪ್ಪ ಚಹಾದ ಬಟ್ಟಲು ಕೆಳಗಿಟ್ಟು ಕೇಳಿದ: "ಖರೇ ಹೇಳ. ಆ ವಾರ ನಿನಗ ಮೈಮ್ಯಾಲ ಖಬರ ಇರಲಿಲ್ಲ. ಎಲ್ಲೆರ ಒಂದ ಸುತ್ತು ತಪ್ಪಿತೇನು?"

"ನೀವೂ ಕೇಳತೀರೇನ್ರಿ?"

"ಅಚ್ಯುತಪ್ಪಾರು ಸುಳ್ಳ ಬರೀತಾರೇನ? ನಮ್ಮನ್ಯಾಗ ಉಂಡಾವ್ರು."

ನಿಜ ಹೇಳಬೇಕೆಂದರೆ ಅವಳಿಗೇ ಅನುಮಾನ ಹತ್ತಿತ್ತು. ಕಣ್ಣು ಮುಚ್ಚಿ ಆ ಮೋಟಾರಿನ ಸುತ್ತುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು. ಎಲ್ಲಿ ತಂತಿಯ ಲೇಪ ಗೀಚಿಹೋಗಿತ್ತೋ? ಎಲ್ಲಿ ಬೆರಳು ನಡುಗಿತ್ತೋ? ಒಬ್ಬ ಮನುಷ್ಯನನ್ನು ತನ್ನ ಕೈಯೇ ಕೊಂದಿತೋ? ಗೆಳೆಯ ಸುಳ್ಳು ಹೇಳಿದ ಎಂದು ನಂಬುವುದಕ್ಕಿಂತ ತನ್ನ ಕೈ ತಪ್ಪಿತು ಎಂದು ನಂಬುವುದೇ ಅವಳಿಗೆ ಸುಲಭವಾಗಿತ್ತು.

ಮಹಾಪೂರ ಇಳಿದು ಇಪ್ಪತ್ತು ದಿನಕ್ಕೆ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಕುಂಕುಮ ಇಲ್ಲದ ಹಣೆ. ತಲೆಯ ಮೇಲೆ ಕೆಸರು ಮೆತ್ತಿದ ದೋಣಿ. ಪರಸಪ್ಪನ ಹೆಂಡತಿ ಹುಲಿಗೆವ್ವ. ದೋಣಿಯನ್ನು ಧೊಪ್ಪೆಂದು ನೆಲಕ್ಕೆ ಹಾಕಿದಳು.

"ಕಬ್ಬಿನ ಹೊಲದಾಗ ಸಿಕ್ಕಿತು. ತಗೋ, ನಿನ್ನ ದೋಣಿ. ನನ್ನ ಗಂಡನ್ನ ತಿಂದಿದ್ದು."

ಇಂದುಮತಿ ದೋಣಿಯ ಮುಂದೆ ಕೂತಳು. ಮುಚ್ಚಳ ಬಿಚ್ಚಿದಳು. ಹಾಳೆಯನ್ನು ಬಿಡಿಸಿ ಬದಿಗಿಟ್ಟಳು. ಮೋಟಾರನ್ನು ಹೊರತೆಗೆದು, ಗರಗಸದಿಂದ ಅದರ ಹೊರಕವಚ ಉದ್ದಕ್ಕೆ ಕೊಯ್ಯತೊಡಗಿದಳು. ಹೋಗಬೇಕೆಂದು ತಿರುಗಿದ್ದ ಹುಲಿಗೆವ್ವ ಹೊಸ್ತಿಲಲ್ಲೇ ನಿಂತಳು.

ಕವಚ ಎರಡು ಹೋಳಾಯಿತು. ಇಂದುಮತಿ ಬೆಳಕಿಗೆ ಹಿಡಿದು ನೋಡಿದಳು. ಒಂದೊಂದೇ ಸುರುಳಿ ಬಿಚ್ಚಿ ನೋಡಿದಳು. ಆಮೇಲೆ ಅಲ್ಲೇ ಗೋಡೆಗೊರಗಿ ಅಳತೊಡಗಿದಳು.

"ಯಾಕ? ಏನ ಕಂಡಿ?" ಹುಲಿಗೆವ್ವನ ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

"ಬಾ, ನೀನ ನೋಡ ಬಾ. ಸುತ್ತು ತಪ್ಪಿ ಸುಟ್ಟಿದ್ದರ ಒಳಗ ಒಂದ ಕಡೆ ತಾಮ್ರ ಕರಗಿ ಗುಂಡ ಆಗಿರತಿತ್ತು. ಬೆಂಕಿ ಒಳಗಿಂದ ಹೊರಗ ಬಂದಿರತಿತ್ತು. ಇಲ್ಲಿ ಎಲ್ಲೂ ಕರಗಿಲ್ಲ. ಹೊರಗಿನ ಪದರ ಇದ್ದಲಿ ಆಗೇತಿ. ಒಳಗ ನೋಡ, ಜೇನಿನ ಬಣ್ಣ. ನಾ ಬಳದ ವಾರ್ನಿಸು ಹಂಗs ಐತಿ."

ಹುಲಿಗೆವ್ವ ಬಗ್ಗಿ ನೋಡಿದಳು. ಅವಳಿಗೆ ಮೋಟಾರು ಗೊತ್ತಿರಲಿಲ್ಲ, ಸುಡುವುದು ಗೊತ್ತಿತ್ತು. "ಹೊರಗಿಂದ ಕಾಸ್ಯಾರ ಇದನ್ನ," ಎಂದಳು.

"ಹೂಂ. ಹೊರಗಿದ್ದದ್ದು ಹಾಳಿ ಒಂದ."

ಮರುದಿನ ಇಂದುಮತಿ ಧಾರವಾಡದ ಬಸ್ಸು ಹತ್ತಿದಳು. ದೋಣಿ ಸಿಕ್ಕಿದೆಯೆಂದು ಅವನಿಗೆ ಹೇಳಿ, ಮುಂದೇನು ಮಾಡೋಣ ಎಂದು ಕೇಳುವುದೇ ಅವಳ ಮನಸ್ಸಿನಲ್ಲಿತ್ತು. ಅವನಿಗೂ ಗೊತ್ತಿರಲಿಕ್ಕಿಲ್ಲ, ಗೊತ್ತಾದರೆ ಅವನೇ ಮುಂದೆ ನಿಂತು ಸರಿಪಡಿಸುತ್ತಾನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಪ್ರಯೋಗಾಲಯದಲ್ಲಿ ಅಚ್ಯುತ ಅವಳನ್ನು ಕಂಡು ಎದ್ದು ನಿಂತ. ಕುರ್ಚಿ ಸರಿಸಿದ, ಚಹಾ ತರಿಸಿದ.

"ಹಾಳಿ ಯಾವಾಗರ ತಿರುಗಿ ಬೀಳತೈತೇನು, ಅಚ್ಯುತಾ?"

"ತಿರುಗಿ ಅಂದರ?"

"ಹೊರಗ ಹಾಕೂ ಬಿಸಿನ ಒಳಗ ಕಾರತೈತೇನು?"

"ಇಲ್ಲಲಾ. ಯಾಕ?"

"ನೆನಪ ಮಾಡಿ ಹೇಳ. ಒಮ್ಮೆನೂ ಆಗಿಲ್ಲ?"

"ಇಂದೂ, ನಿನಗ ಸಂಕಟ ಆಗೇದ, ನನಗ ತಿಳೀತದ. ಜ್ವರದಾಗ ಯಾರ ಕೈನೂ ತಪ್ಪತದ. ನಿನಗ ಯಾರೂ ಶಿಕ್ಷಾ ಕೊಡೂದಿಲ್ಲ, ನಾ ನೋಡ್ಕೋತೀನಿ. ಮುಂದ ನಡೆಯೋ ಸರಕಾರಿ ವಿಚಾರಣಿಯೊಳಗ ಒಂದ ಮಾತು ಒಪ್ಪಿಕೊಂಡುಬಿಡು."

ಅವನು ಚಹಾದ ಲೋಟ ಇಡಲು ಮೇಜಿನ ಮೇಲಿನ ಒಂದು ತಟ್ಟೆಯನ್ನು ಬದಿಗೆ ಸರಿಸಿದ. ತಟ್ಟೆಯಲ್ಲಿ ಎರಡು ಬೂದು ಹಾಳೆಗಳಿದ್ದವು. ಚುಕ್ಕೆ ಇಲ್ಲದ ಮುಖ, ಮೋಟಾರಿನ ಕಡೆಗಿರಬೇಕಾದ ಮುಖ, ಕಪ್ಪಾಗಿ ಸುಟ್ಟಿತ್ತು. ಪ್ರತಿಯೊಂದಕ್ಕೂ ಒಂದು ಚೀಟಿ, ಕಳೆದ ವರ್ಷದ ತಾರೀಖು. ಒಂದರ ಮೇಲೆ ೩೮ ಎಂದು ಬರೆದಿತ್ತು, ಇನ್ನೊಂದರ ಮೇಲೆ ೪೧.

ಎಷ್ಟು ಓಟ ಆದವು? ಎಷ್ಟು ಓಟ ಆದವು? ವಾರವಾರವೂ ಕೇಳಿದ ಮಾತು ಇಂದುಮತಿಯ ಕಿವಿಯಲ್ಲಿ ಒಮ್ಮೆಗೇ ತುಂಬಿಕೊಂಡಿತು. ಆ ದಿನ ಪರಸಪ್ಪ ನೀರಿಗಿಳಿದದ್ದು ನಲವತ್ತಮೂರನೆಯ ಓಟಕ್ಕೆ.

ಮೂರನೆಯ ಸಲ ಕೇಳಿದಳು: "ಅಚ್ಯುತಾ, ನಿನಗ ಮೊದಲs ಗೊತ್ತಿತ್ತೇನು?"

ಅಚ್ಯುತ ಅವಳ ಕಣ್ಣನ್ನು ನೋಡಿಯೇ ಹೇಳಿದ. "ಗೊತ್ತಿರಲಿಲ್ಲ. ನಿನ್ನ ಆಣಿ."

ಅವಳು ಚಹಾ ಕುಡಿಯಲಿಲ್ಲ. ದೋಣಿ ಸಿಕ್ಕಿದೆಯೆಂದೂ ಹೇಳಲಿಲ್ಲ. ಬಸ್ಸು ಹತ್ತಿದಳು. ಸಿಟ್ಟು ಕೂಡ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಆಡಿದ ಮಾತುಗಳಲ್ಲಿ ಯಾವುದು ನಿಜ ಎಂದು ಒಂದೊಂದಾಗಿ ತೆಗೆದು ನೋಡುತ್ತ ಬನಹಟ್ಟಿ ಮುಟ್ಟಿದಳು.

ವಿಚಾರಣೆ ನಡೆದದ್ದು ಅದೇ ನಿಯಂತ್ರಣ ಕೊಠಡಿಯಲ್ಲಿ. ನಡೆಸಿದವರು ಕಲಾವತಿ ಎಂಬ ಹಿರಿಯ ಎಂಜಿನಿಯರು. ಅಚ್ಯುತ ಪರದೆಯ ಮೇಲೆ ಹಸಿರು ಗೆರೆ ತೋರಿಸಿ, ಅದು ಹೇಗೆ ನೆಟ್ಟಗೆ ಮೇಲಕ್ಕೆ ಏರಿತೆಂದು ವಿವರಿಸಿದ. ಒಳಗೆ ಶಾರ್ಟ್ ಆದರೆ ಗೆರೆ ಹೀಗೆಯೇ ಏರುತ್ತದೆ ಎಂದ. ನಿರರ್ಗಳವಾಗಿ ಮಾತಾಡಿದ. ಹಿಂದೆ ಕೂತ ಮಹಾಲಿಂಗಪ್ಪ ತಲೆ ತಗ್ಗಿಸಿದ.

"ನೀವು ಏನಾದರೂ ಹೇಳುವುದಿದೆಯೆ?" ಎಂದು ಕಲಾವತಿ ಇಂದುಮತಿಯನ್ನು ಕೇಳಿದರು.

ಇಂದುಮತಿ ಚೀಲದಿಂದ ಕೊಯ್ದ ಮೋಟಾರನ್ನು ತೆಗೆದು ಮೇಜಿನ ಮೇಲಿಟ್ಟಳು. ಅಚ್ಯುತ ಪರದೆ ಬಿಟ್ಟು ಮೇಜಿನ ಹತ್ತಿರ ಬಂದ. ಅವಳು ಹುಲಿಗೆವ್ವನಿಗೆ ಹೇಳಿದ್ದನ್ನೇ ಹೇಳಿದಳು. ಆಮೇಲೆ ಕೇಳಿಕೊಂಡಳು: "ನನ್ನ ಮಾತು ನಂಬಬ್ಯಾಡ್ರಿ. ನಾನು ಕಟ್ಟಿಕೊಟ್ಟ ದೋಣಿಯೊಳಗ ಹೆಚ್ಚಿಗಿ ಓಡಿದ್ದು ಹೊರಗ ನಿಂತೈತಿ, ನಲವತ್ತು ಓಟ ಆಗ್ಯಾವ. ಅದರ ಹಾಳಿ ತಗೀರಿ. ಮೋಟಾರ ನನ್ನದು ಬ್ಯಾಡ, ಕಂಪನಿದs ಹಾಕ್ರಿ."

ಅಂಗಳದಲ್ಲಿ ತೊಟ್ಟಿಯ ತುಂಬ ನೀರು ತುಂಬಿದರು. ಕಂಪನಿಯ ಮೋಟಾರಿಗೆ ಹಾಳೆ ಸುತ್ತಿ, ತಾಮ್ರದ ತಗಡು ನೀರಿನಲ್ಲಿ ಮುಳುಗುವಂತೆ ಕಟ್ಟಿ ಓಡಿಸಿದರು. ಮೊದಲ ಓಟದಲ್ಲಿ ತೊಟ್ಟಿಯ ನೀರು ಬೆಚ್ಚಗಾಯಿತು, ಮೋಟಾರು ತಣ್ಣಗಿತ್ತು. ನೀರು ಬದಲಿಸಿದರು. ಎರಡನೆಯ ಓಟವೂ ಹಾಗೆಯೇ. ಅಚ್ಯುತ ಗಡಿಯಾರ ನೋಡಿಕೊಂಡ.

ಮೂರನೆಯ ಓಟದಲ್ಲಿ ಇಂದುಮತಿ ತಲೆ ಎತ್ತಿದಳು. "ದನಿ ಬದಲಾತು. ಈಗ ನೀರಾಗ ಕೈ ಇಡ್ರಿ."

ಕಲಾವತಿ ಸೀರೆಯ ಸೆರಗು ಸಿಕ್ಕಿಸಿ ತೊಟ್ಟಿಯಲ್ಲಿ ಕೈ ಇಟ್ಟರು. ನೀರು ತಣ್ಣಗೆ ಕೊರೆಯುತ್ತಿತ್ತು. ಪಕ್ಕದಲ್ಲಿ ಮೋಟಾರಿನಿಂದ ಬಿಳಿಯ ಹೊಗೆ ಏಳತೊಡಗಿತ್ತು. ಯಾರೋ ಓಡಿಹೋಗಿ ಕರೆಂಟು ತೆಗೆದರು. ಕಲಾವತಿ ಕೈ ಒರೆಸಿಕೊಂಡು ಅಚ್ಯುತನ ಕಡೆ ತಿರುಗಿದರು.

"ಡಾಕ್ಟರ್ ದಿವಾಣ, ಹೀಗಾಗುತ್ತದೆಂದು ನಿಮಗೆ ಮೊದಲೇ ಗೊತ್ತಿತ್ತೆ?"

ಅಚ್ಯುತ ಇಂದುಮತಿಯ ಕಡೆ ನೋಡಿದ. ಅವಳಿಗೆ ತಟ್ಟೆ ನೆನಪಿದೆಯೆಂದು ಅವನಿಗೆ ಗೊತ್ತಾಗಿರಬೇಕು. "ಲ್ಯಾಬಿನೊಳಗ ಎರಡು ಹಾಳಿ ತಿರುಗಿದ್ದವು," ಎಂದ ಮೆಲ್ಲಗೆ. "ಅಂಟಿನ ತಪ್ಪು ಅಂದುಕೊಂಡೆ. ಈ ಮಳಿಗಾಲ ಒಂದು ದಾಟಲಿ, ಆಮ್ಯಾಲೆ ಎಲ್ಲಾ ಬದಲಿ ಮಾಡೂಣು ಅಂದುಕೊಂಡೆ."

"ಆ ದಿನ ಗೆರೆ ಏರುವುದನ್ನು ನೋಡಿದಿರಾ? ಅವರು ತಿರುಗಿಸಲೇ ಎಂದು ಕೇಳುವ ಮೊದಲು?"

"ನೋಡಿದೆ. ಇಳೀತದ ಅಂದುಕೊಂಡೆ."

ಗುಂಪಿನ ಹಿಂದೆ ನಿಂತಿದ್ದ ಹುಲಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನಡೆದಳು.

ಅದೇ ದಿನ ಎಲ್ಲ ಊರುಗಳಿಂದ ದೋಣಿಗಳನ್ನು ಹಿಂದಕ್ಕೆ ತರಿಸಲು ಆಜ್ಞೆಯಾಯಿತು. ವರದಿ ರದ್ದಾಯಿತು. ಮಹಾಲಿಂಗಪ್ಪ ಹೆಂಡತಿಯ ಹತ್ತಿರ ಬಂದು, "ತಪ್ಪಾತು," ಎಂದ. ಅವಳು ತಲೆಯಾಡಿಸಿದಳು, ಆದರೆ ಅವನ ಜೊತೆ ಮೋಟಾರುಸೈಕಲ್ ಹತ್ತಲಿಲ್ಲ. "ನೀವು ನಡೀರಿ. ನಾ ಬಸ್ಸಿಗೆ ಬರತೀನಿ," ಎಂದಳು.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಹಿಂದಿನಿಂದ ಯಾರೋ ಬೇಗಬೇಗ ಬರುವುದು ಕೇಳಿಸಿತು. ಅಚ್ಯುತ. ಟೈ ಸಡಿಲಾಗಿತ್ತು, ಕಣ್ಣು ಕೆಂಪಾಗಿತ್ತು.

"ಇಂದೂ, ದೋಣಿ ಸಿಕ್ಕದ ಅಂತ ನನಗ ಮೊದಲ ಒಂದ ಮಾತು ಹೇಳಬಾರದಿತ್ತೇನು? ಇಷ್ಟ ಮಂದಿ ಮುಂದ... ಇಪ್ಪತ್ತು ವರ್ಷದ ಗೆಳೆತನ ನಮ್ಮದು."

ಇಂದುಮತಿ ನಿಂತಳು. "ಹೇಳಾಕs ಬಂದಿದ್ನಿ ಧಾರವಾಡಕ್ಕ. ಮೂರು ಸಲ ಕೇಳಿದ್ನಿ ನಿನಗ."

ಅವಳು ಮುಂದೆ ನಡೆದಳು.

ಬನಹಟ್ಟಿಯ ಬಸ್ಸಿನಲ್ಲಿ ಹುಲಿಗೆವ್ವ ಕಿಟಕಿಯ ಪಕ್ಕ ಕೂತಿದ್ದಳು. ಇಂದುಮತಿಯನ್ನು ಕಂಡು ಗಂಟು ತೊಡೆಯ ಮೇಲೆ ಎತ್ತಿಕೊಂಡು ಜಾಗ ಮಾಡಿದಳು. ಬಸ್ಸು ಹೊರಟು ಊರು ದಾಟಿದ ಮೇಲೆ ಕೇಳಿದಳು:

"ಹಿಂದ ಓಡಿ ಬಂದಿದ್ನಲಾ, ಏನಂದ?"

"ಮೊದಲ ನನಗ ಹೇಳಬೇಕಿತ್ತು ಅಂದ."

ಹುಲಿಗೆವ್ವ ಹೊರಗಿನ ಕಬ್ಬಿನ ಹೊಲಗಳ ಕಡೆ ತಿರುಗಿದಳು. ಬೆಳೆಯ ಮೇಲೆ ಕೆಂಪು ಕೆಸರು ಇನ್ನೂ ಒಣಗಿ ಅಂಟಿಕೊಂಡಿತ್ತು.

"ನೀರಿಗಿಳಿಯೋ ಮೊದಲ ನನ್ನ ಗಂಡಗ ಯಾರರ ಹೇಳಿದ್ರೇನ?" ಎಂದಳು.